ಎಣ್ಣೆರಾಯನ ಕೈ

ಜನವರಿ ೬, ಸೋಮವಾರ

ಓಟದ ಮೇಷ್ಟ್ರು ಬೆಳಿಗ್ಗೆ ಅಂಗಡಿಯ ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದರು. “ಅಭಿನಂದನೆ ಹೇಳ್ರೀ ನನಗೆ! ನಮ್ಮ ಏಳನೇ ಕ್ಲಾಸಿನ ಹುಡುಗಿ ನಾನೂರು ಮೀಟರಲ್ಲಿ ವಿಶ್ವದಾಖಲೆ ಮುರಿದಿದ್ದಾಳೆ. ಅದೂ ಕಾಲು ಉಳುಕಿಸ್ಕೊಂಡು!” ಎಂದು ಸ್ಟಾಪ್‌ವಾಚನ್ನು ಕೌಂಟರಿನ ಮೇಲೆ ಇಟ್ಟರು. “ಹುಡುಗಿ ಎಲ್ಲೂ ನಿಲ್ಲಲಿಲ್ಲ ಸ್ವಾಮಿ. ನಿಮ್ಮ ವಾಚೇ ಮಧ್ಯ ಮಧ್ಯ ನಿಂತು ದಣಿವಾರಿಸ್ಕೊಂಡಿದೆ.”

ಹೋದ ವಾರ ನಮ್ಮ ಯಜಮಾನರೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟ ವಾಚು ಅದು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಇವರು. ನಕ್ಕು, ಕಣ್ಣೊರೆಸಿಕೊಂಡು, ವಾಚನ್ನು ತಿರುಗಿಸಿ ನೋಡಿ, “ಯಾರು ಮಾಡಿದ್ದು ಇದನ್ನ?” ಎಂದು ಕೇಳಿದರು. ನಾನು ರಸೀತಿ ಪುಸ್ತಕದ ಮೇಲೆ ತಲೆ ಬಗ್ಗಿಸಿದೆ.

ಡಾಕ್ಟರು ಇವರ ಮರೆವಿನ ಕಾಯಿಲೆಗೆ ಹೆಸರು ಹೇಳಿ ಐದು ತಿಂಗಳಾಯಿತು. ಮೊದಲು ಹೆಸರುಗಳು ಹೋಗುತ್ತವೆ, ಆಮೇಲೆ ದಾರಿಗಳು, ಕೈಕೆಲಸ ಕೊನೆಗೆ. ಮೂವತ್ತೈದು ವರ್ಷ ಮಾಡಿದ್ದನ್ನು ಬೆರಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂದಿದ್ದರು. ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಆ ಎರಡು ಗಂಟೆ ನನ್ನ ಕವಿತೆಯ ಹೊತ್ತು. ಇಪ್ಪತ್ತೆರಡು ವರ್ಷಗಳಿಂದ ಹಾಗೇ. ಗಿರಾಕಿ ಬಂದರೆ ಪುಸ್ತಕದ ನಡುವೆ ಬೆರಳಿಟ್ಟು ಏಳುವುದು, ಪಟ್ಟಿಯನ್ನೋ ಸೆಲ್ಲನ್ನೋ ಬದಲಿಸಿ ಕೊಡುವುದು, ಮತ್ತೆ ಅದೇ ಸಾಲಿಗೆ ಮರಳುವುದು. ಇವತ್ತು ಪುಸ್ತಕ ತೆರೆಯಲಿಲ್ಲ. ಇವರ ಕಣ್ಣುಗಾಜು, ಒಂದೇ ಕಣ್ಣಿಗೆ ಸಿಕ್ಕಿಸುವ ಆ ಭೂತಗನ್ನಡಿ, ಹಾಕಿಕೊಂಡು ಸ್ಟಾಪ್‌ವಾಚಿನ ಬೆನ್ನು ತೆಗೆದೆ.

ಗಡಿಯಾರದೊಳಗೆ ಎರಡು ಕೊಂಬಿನ ಪುಟ್ಟ ಕವೆ ಒಂದಿದೆ. ಟಿಕ್ ಎನ್ನುವುದೂ ಅದೇ, ಟಕ್ ಎನ್ನುವುದೂ ಅದೇ. ಅದರ ಅಚ್ಚಿಗೆ ಎಣ್ಣೆ ತಾಕಿಸಬಾರದು. “ಕವೆ ಒಣಕಾಲಲ್ಲೇ ಕುಣೀಬೇಕು. ಎಣ್ಣೆ ಹಾಕಿದ್ರೆ ಜೇನಿನಲ್ಲಿ ನಡೆದ ಹಾಗೆ” ಎಂದು ಇವರು ಎಷ್ಟು ಜನಕ್ಕೆ ಪಾಠ ಹೇಳಿಲ್ಲ! ಆ ಅಚ್ಚು ಇವತ್ತು ಎಣ್ಣೆಯಲ್ಲಿ ಮುಳುಗಿತ್ತು. ಇವರ ಕೈಯೇ ಹಾಕಿದ ಎಣ್ಣೆ.

ಬೆನ್ನು ಮುಚ್ಚಿದೆ. ನಾಲ್ಕಕ್ಕೆ ಚಹಾ ಮಾಡಿದೆ. ಇವರು ಎದ್ದು ಬಂದು, “ಏನು, ಕಣ್ಣು ಕೆಂಪಾಗಿದೆ? ಅಳಿಸೋ ಕವಿತೆ ಸಿಕ್ತಾ?” ಎಂದರು.

ಜನವರಿ ೯, ಗುರುವಾರ

ನಾದಿನಿ ಬಂದಿದ್ದಳು. ಇವರ ತಂಗಿ, ಆಸ್ಪತ್ರೆಯಲ್ಲಿ ನರ್ಸು. ಸಾವಿರ ಕಾಯಿಲೆ ಕಂಡವಳಿಗೆ ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ.

“ಅತ್ತಿಗೆ, ಅಂಗಡಿ ಮುಚ್ಚಿಬಿಡಿ.”

“ಮುಚ್ಚಿ ಏನು ಮಾಡ್ಲಿ?”

“ಮನೇಲಿ ಕೂರ್ಸಿ. ಜನ ಒಂದ್ಸಲ ನಗ್ತಾರೆ, ಎರಡು ಸಲ ನಗ್ತಾರೆ. ಮೂರನೇ ಸಲ ಅಣ್ಣನಿಗೆ ಕೇಳಿಸೋ ಹಾಗೆ ಏನೋ ಒಂದು ಅಂದುಬಿಡ್ತಾರೆ. ಅದನ್ನ ನಾನು ನೋಡಲಾರೆ.”

ಕೈ ತಪ್ಪುತ್ತಿರಬಹುದು, ಕಣ್ಣು ತಪ್ಪಿಲ್ಲ ಎಂದೆ. ಅವಳು ನಂಬಲಿಲ್ಲ. ಅವಳ ಕೈಗಡಿಯಾರವನ್ನೇ ಬಿಚ್ಚಿಸಿ ಇವರ ಮುಂದಿಟ್ಟೆ. ಅದನ್ನು ಅವಳು ಬೇರೆಲ್ಲೋ ರಿಪೇರಿ ಮಾಡಿಸಿದ್ದಳಂತೆ. “ಆಸ್ಪತ್ರೆ ಎದುರಿಗೇ ಇತ್ತು ಅಂತ...” ಎಂದು ರಾಗ ಎಳೆದಳು. ಇವರು ಬೆನ್ನು ತೆಗೆದು ಅರ್ಧ ನಿಮಿಷ ನೋಡಿದರು.

“ಅಳತೆ ಮೀರಿದ ಸ್ಕ್ರೂ ಡ್ರೈವರ್ ಹಾಕಿ ಸ್ಕ್ರೂ ತಲೆ ಕೆಡಿಸಿದ್ದಾನೆ. ತೊಳೆದಿಲ್ಲ, ಬಾಯಲ್ಲಿ ಊದಿ ಎಣ್ಣೆ ಬಿಟ್ಟಿದ್ದಾನೆ. ಊದಿದವನು ಸಿಗರೇಟು ಸೇದ್ತಾನೆ.”

ನಾದಿನಿ ಫಕ್ಕನೆ ನಕ್ಕು, ಆಮೇಲೆ ಬಾಯಿ ಮುಚ್ಚಿಕೊಂಡಳು. ಹೊರಡುವಾಗ ಮೆಟ್ಟಿಲ ಬಳಿ ನನ್ನ ಕೈ ಹಿಡಿದಳು. “ಆಯ್ತು. ತಪ್ಪು ಅವನ ಕಣ್ಣಿಗೆ ಕಾಣೋವರೆಗೂ ಆ ಸ್ಟೂಲಿನ ಮೇಲೆ ಕೂರಲಿ. ಕಾಣದೇ ಇರೋ ದಿನ ನೀವೇ ಎಬ್ಬಿಸ್ಬೇಕು. ಆ ಕೆಲಸ ನನ್ನ ಕೈಲಿ ಮಾಡಿಸ್ಬೇಡಿ.”

ಮಾತು ಕೊಟ್ಟೆ. ಕೊಡುವಾಗ ಆ ದಿನ ಬಹಳ ದೂರ ಇದ್ದ ಹಾಗಿತ್ತು.

ಇನ್ನು ಇವರ ಕೈ ಮಾಡುವ ತಪ್ಪನ್ನು ತಿದ್ದುವವರು ಯಾರು? ಅಂಗಡಿಯಲ್ಲಿ ಇರುವುದೇ ಎರಡು ಜೊತೆ ಕೈ.

ಜನವರಿ ೧೬, ಗುರುವಾರ

ಬೆಳಿಗ್ಗೆ ಇವರು ಮಾಡಿ ಮುಗಿಸಿದ್ದನ್ನು ಮಧ್ಯಾಹ್ನ, ಇವರು ಮಲಗಿದ ಮೇಲೆ, ನಾನು ಬಿಚ್ಚಿ ಮತ್ತೆ ಮಾಡುವುದು. ಹೇಳಲು ಇಷ್ಟೇ. ಪಕ್ಕದ ಕುರ್ಚಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ನೋಡಿದ್ದೇನಲ್ಲ ಎಂಬ ಧೈರ್ಯ. ದಡದಲ್ಲಿ ಕೂತು ಈಜು ಕಲಿತವಳ ಧೈರ್ಯ.

ಕವೆ ತೆಗೆಯುವ ಮೊದಲು ಕೀ ಕೊಟ್ಟ ದೊಡ್ಡ ಸ್ಪ್ರಿಂಗಿನ ಬಲವನ್ನು ಇಳಿಸಬೇಕು. ಮರೆತೆ. ಕವೆ ಎತ್ತಿದ್ದೇ ತಡ, ಚಕ್ರಗಳೆಲ್ಲ ಕಲ್ಲು ಬಿದ್ದ ಜೇನುಗೂಡಿನ ಹಾಗೆ ಭರ್ರೆಂದು ತಿರುಗಿ ನಿಂತವು. ಬೆಚ್ಚಿ ಚಿಮಟ ಕೊಡವಿದೆ. ಅದರ ತುದಿಯಲ್ಲಿದ್ದ ಸ್ಕ್ರೂ ಹಾರಿತು. ಸಾಸಿವೆಯ ಕಾಲುಭಾಗದಷ್ಟು ಸ್ಕ್ರೂ. ನೆಲದ ಮೇಲೆ ಮಂಡಿಯೂರಿ ಮುಕ್ಕಾಲು ಗಂಟೆ ಹುಡುಕಿದೆ. ಅಳು ಬಂತು. ಅಳುವ ಕಣ್ಣಿಗೆ ಸ್ಕ್ರೂ ಕಾಣುವುದಿಲ್ಲ ಎಂದು ಗೊತ್ತಾಗಿ ಅಳು ನಿಲ್ಲಿಸಿದೆ. ಸಿಕ್ಕಿದ್ದು ನನ್ನದೇ ಸ್ವೆಟರಿನ ತೋಳಿನ ಮಡಿಕೆಯಲ್ಲಿ.

ಜನವರಿ ೨೦, ಸೋಮವಾರ

ಇವರದೊಂದು ಪದ್ಧತಿ. ರಿಪೇರಿಯಾದ ಗಡಿಯಾರವನ್ನು ಮೂರು ದಿನ ಗೋಡೆಯ ಗೂಟಕ್ಕೆ ನೇತುಹಾಕಿ, ನಾಲ್ಕನೆಯ ದಿನ ಇನ್ನೊಮ್ಮೆ ಬೆನ್ನು ತೆಗೆದು ನೋಡಿಯೇ ಗಿರಾಕಿಗೆ ಕೊಡುವುದು. ಮೇಷ್ಟ್ರ ಸ್ಟಾಪ್‌ವಾಚೊಂದೇ ಅವರ ಅವಸರಕ್ಕೆ ಗೂಟ ತಪ್ಪಿಸಿಕೊಂಡು ಹೋಗಿತ್ತು. ಏನೇನೋ ಮರೆತವರು ಈ ಪದ್ಧತಿಯನ್ನು ಮರೆತಿಲ್ಲ. ಮರೆತವಳು ನಾನು.

“ಏ ಇವಳೇ, ಬಾ ಇಲ್ಲಿ.”

ಹೋದೆ. ಕಣ್ಣುಗಾಜು ತೆಗೆಯದೆಯೇ ಇವರು ತಗ್ಗಿದ ದನಿಯಲ್ಲಿ ಹೇಳಿದರು: “ನನ್ನ ಕೆಲಸಕ್ಕೆ ಯಾರೋ ಕೈ ಹಾಕಿದ್ದಾರೆ.”

ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ.

“ನೋಡು, ಎಷ್ಟು ಎಣ್ಣೆ! ಅಚ್ಚು ಕೂರೋ ಕೆಂಪು ಹರಳಿನ ಕಲ್ಲಿದೆಯಲ್ಲ, ಅದರ ಬಟ್ಟಲಲ್ಲಿ ಅರ್ಧ ನಿಂತ್ರೆ ಸಾಕು. ಈ ಪುಣ್ಯಾತ್ಮ ಗಿಡಕ್ಕೆ ನೀರು ಹಾಕಿದ ಹಾಗೆ ಹೊಯ್ದಿದ್ದಾನೆ. ಯಾರಪ್ಪ ಈ ಎಣ್ಣೆರಾಯ?”

“ನಿಮ್ಮದೇ ಕೆಲಸ ಇರಬಹುದು” ಎಂದೆ.

“ನನ್ನ ಕೈ ನನಗೆ ಗೊತ್ತಿಲ್ವಾ? ತೆಗೆದಿಡು. ನಾಳೆ ನಾನೇ ಸರಿ ಮಾಡ್ತೀನಿ.”

ನಾಳೆಯ ಹೊತ್ತಿಗೆ ಅದು ಮರೆತಿರುತ್ತದೆ. ಮಧ್ಯಾಹ್ನ ಮತ್ತೆ ಬಿಚ್ಚಿ, ತೊಳೆದು, ಬಟ್ಟಲಿಗೆ ಅರ್ಧ ಹಾಕಿದೆ. ಅರ್ಧ ಎಂದರೆ ಎಷ್ಟೆಂದು ಮೊದಲ ಸಲ ಗೊತ್ತಾಯಿತು.

ಫೆಬ್ರವರಿ ೪, ಮಂಗಳವಾರ

ಎಣ್ಣೆರಾಯ ಈ ವಾರ ಮಾಡಿದ ಅಪರಾಧಗಳು, ಇವರ ಮಾತಿನಲ್ಲೇ: “ಚಿಮಟದಲ್ಲಿ ಅದುಮಿ ಹಿಡೀತಾನೆ, ಹೆದರಿಕೆ ಜಾಸ್ತಿ.” “ಕಲ್ಲಿನ ತೂತನ್ನ ಕಡ್ಡೀಲಿ ಒರೆಸಿದ್ದಾನೆ ಸರಿ, ಕಡ್ಡಿ ಚೂಪು ಮಾಡಿಲ್ಲ. ಸೋಮಾರಿ.” “ಮುಳ್ಳು ಕೂರಿಸೋವಾಗ ಡಯಲ್ ಮೇಲೆ ಉಸಿರಾಡಿದ್ದಾನೆ.” “ಇವನಿಗೆ ಯಾರೂ ಹೇಳಿಕೊಟ್ಟಿಲ್ಲ ಪಾಪ. ಅಪ್ಪ ಅಮ್ಮ ಇಲ್ಲದ ಮಗು ಬೆಳೆದ ಹಾಗೆ ಬೆಳೆದಿದೆ ಇವನ ಕೆಲಸ.”

ಆ ಕೊನೆಯ ಮಾತು ಕೇಳಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಫೆಬ್ರವರಿ ೧೩, ಗುರುವಾರ

ಇವತ್ತು ಕೇಳಿಯೇ ಬಿಟ್ಟೆ. “ಹಾಗಾದ್ರೆ ಆ ಎಣ್ಣೆರಾಯ ಏನು ಮಾಡ್ಬೇಕಿತ್ತು?”

ಇವರ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. ಪಕ್ಕಕ್ಕೆ ಸರಿದು ಸ್ಟೂಲಿನ ಅರ್ಧ ನನಗೆ ಕೊಟ್ಟರು. “ನೋಡು. ಎಣ್ಣೆ ಹಾಕೋದು ಅಂದ್ರೆ ಹಾಕೋದಲ್ಲ. ತೋರಿಸೋದು. ಸೂಜಿ ತುದೀಲಿ ಹನಿ ತಗೊಂಡು ಕಲ್ಲಿಗೆ ತೋರಿಸಿದ್ರೆ ಸಾಕು, ಅದೇ ಕುಡೀತದೆ. ತಾಯಿ ಮಗೂಗೆ ಬಲವಂತ ಮಾಡ್ತಾಳಾ?”

“ಮಾಡ್ತಾಳೆ” ಎಂದೆ.

“ಅದಕ್ಕೇ ಹೇಳೋದು, ಅಮ್ಮಂದಿರು ಈ ಕೆಲಸಕ್ಕಲ್ಲ ಅಂತ.” ನಕ್ಕರು. ಇವರ ಬೆರಳು ನನ್ನ ಬೆರಳ ಮೇಲೆ ಇತ್ತು. ನಮಗೆ ಮಕ್ಕಳಿಲ್ಲ ಎಂಬುದು ಆ ಕ್ಷಣಕ್ಕೆ ಇವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಇವರು ಹೇಳಿಕೊಟ್ಟ ಆ ಗಡಿಯಾರದಲ್ಲಿ ಇವರೇ ಎರಡು ಚಕ್ರಗಳನ್ನು ಅದಲುಬದಲು ಕೂರಿಸಿದ್ದರು. ಬಾಯಿಗೆ ಎಲ್ಲ ಗೊತ್ತು. ಕಣ್ಣಿಗೂ ಗೊತ್ತು. ನಡುವೆ ಎಲ್ಲೋ ದಾರಿ ಕಟ್ಟಿದೆ.

ಮಾರ್ಚ್ ೩, ಸೋಮವಾರ

ಕಳ್ಳನನ್ನು ಹಿಡಿಯುವ ದಿನ. ಊಟ ಮಾಡಿದವರು ಮಲಗಲಿಲ್ಲ. ಹಿಂದಿನ ಕೋಣೆಯ ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಪಕ್ಕದ ಕನ್ನಡಕದ ಅಂಗಡಿಯವನು ಇಣುಕಿ, “ಏನಣ್ಣ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೀರಿ?” ಎಂದ.

“ಹೌದು. ಆ ಎಣ್ಣೇನೂ ಅವನೇ ಸುರಿದಿದ್ದು” ಎಂದರು ಇವರು. ಇಂಥ ಉತ್ತರ ಬಂದ ದಿನ ನನಗೆ ಡಾಕ್ಟರೇ ಸುಳ್ಳು ಅನ್ನಿಸುತ್ತದೆ.

ಐದು ನಿಮಿಷ ಬಿಟ್ಟು ಇವರ ಅನುಮಾನ ಕನ್ನಡಕದವನ ಮೇಲೆಯೇ ತಿರುಗಿತು. “ನೀನೇ ಏನೋ?” ಅವನು ನನ್ನ ಮುಖ ನೋಡಿದ. ಅವನಿಗೆ ಎಲ್ಲ ಗೊತ್ತು; ನಾನು ಕೆಲಸ ಮಾಡುವಾಗ ಎಷ್ಟೋ ಸಲ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ತಡೆದಿದ್ದಾನೆ. ಅವನು ಕೈ ಮುಗಿದು, “ತಪ್ಪಾಯ್ತಣ್ಣ, ನಾನೇ” ಎಂದುಬಿಟ್ಟ.

ಇವರು ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. “ಸುಳ್ಳು. ಇದು ಒರಟು ಕೈ. ಎಣ್ಣೆರಾಯನ ಕೈ ಚಿಕ್ಕದು. ಹೆದರೋ ಕೈ. ಅವನು ಸ್ಕ್ರೂ ಬಿಗಿ ಮಾಡೋವಾಗ ಕೊನೇ ಸುತ್ತಿಗೆ ಮೊದಲು ಒಂದ್ಸಲ ನಿಲ್ತಾನೆ. ಯೋಚನೆ ಮಾಡ್ತಾನೆ. ಓದಿದವನು.”

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಸ್ಕ್ರೂವಿನ ತಲೆಯ ಮೇಲೆ ಅಷ್ಟೆಲ್ಲ ಬರೆದಿರುತ್ತದೆಯೇ? ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ಸೂಕ್ಷ್ಮವಾಗಿ ಓದಿರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಒಂದು ಸಂಗತಿ ನಾನಾಗಿಯೇ ಕಂಡುಕೊಂಡೆ. ಇವರು ಬೈಯುವ ಮೊದಲೇ.

ಜೇಬು ಗಡಿಯಾರ. ದಿನಕ್ಕೆ ನಾಲ್ಕು ನಿಮಿಷ ಹಿಂದೆ. ಎಲ್ಲ ಚೊಕ್ಕಟ, ಎಣ್ಣೆ ಸರಿ, ಆದರೂ ಕಿವಿಗೆ ಏನೋ ಕುಟುಕುತ್ತಿತ್ತು. ಕಣ್ಣು ಮುಚ್ಚಿ ಕೇಳಿದೆ. ಟಿಕ್—ಟಕ್ ಸಮವಾಗಿರಲಿಲ್ಲ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಗುರು, ಲಘು, ಗುರು, ಲಘು. ಛಂದಸ್ಸಿನಲ್ಲಿ ಸೊಗಸು, ಗಡಿಯಾರದಲ್ಲಿ ಕುಂಟು. ಓಲಾಡುವ ಚಕ್ರಕ್ಕೆ ಕಟ್ಟಿದ ಹೇರ್‌ಸ್ಪ್ರಿಂಗಿನ ನಡುವಿನ ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕೇಳಿದೆ. ಇನ್ನೊಂದು ಎಳೆ. ಲಘು, ಲಘು, ಲಘು, ಲಘು. ಸಮನಾಯಿತು.

ನಾಲ್ಕನೆಯ ದಿನ, ಅಂದರೆ ಇವತ್ತು, ಇವರು ಅದನ್ನು ಕಿವಿಗಿಟ್ಟು ಬಹಳ ಹೊತ್ತು ಕೂತರು. “ಕುಂಟು ತೆಗೆದಿದ್ದಾನೆ ಕಣೆ. ಕಿವಿ ಇದೆ ಆ ಕಳ್ಳನಿಗೆ” ಎಂದರು. ಆಮೇಲೆ ಬೆನ್ನು ತೆಗೆದು, “ಆದ್ರೆ ಸ್ಪ್ರಿಂಗಿನ ಹೊರಸುತ್ತಿಗೆ ಬೆರಳು ತಾಕಿಸಿದ್ದಾನೆ, ಜಿಡ್ಡಿದೆ. ದಡ್ಡ” ಎಂದರು.

ಇಡೀ ದಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.

ಗಡಿಯಾರಕ್ಕೆ ಅಂಟಿಸಿದ ಹೊಸ ಗಾಜು ಕೂರಲು ಮೇಲೆ ಭಾರ ಬೇಕಿತ್ತು. ಕವನ ಸಂಕಲನಕ್ಕೆ ಸರಿಯಾದ ತೂಕ ಇದೆ.

ಮೇ ೬, ಮಂಗಳವಾರ

ಇವತ್ತು “ಇವಳೇ” ಎನ್ನಲಿಲ್ಲ. “ನೋಡಿ” ಎಂದರು.

ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದ್ದರೆ ಗಡಿಯಾರ ಹುಚ್ಚು ಹಿಡಿದಂತೆ ಮುಂದೆ ಓಡುತ್ತದೆ. ಅಂಟಿಗೆ ಕಾರಣ ಎರಡು: ಎಣ್ಣೆ, ಇಲ್ಲವೆ ಅಯಸ್ಕಾಂತ. ಮೊದಲು ದಿಕ್ಸೂಚಿಯ ಹತ್ತಿರ ಹಿಡಿದು ನೋಡಬೇಕು. ಮುಳ್ಳು ಅಲುಗಿದರೆ ಅಯಸ್ಕಾಂತ. ಅಲುಗದಿದ್ದರೆ ತೊಳೆಯಬೇಕು, ಒಣಗಿಸುವಾಗ ಒರೆಸಬಾರದು, ಕಾಗದದ ಮೇಲೆ ತಾನಾಗಿ ಆರಬೇಕು. ಸುತ್ತು ಬಾಗಿದ್ದರೆ ಬಾಗಿದ ಜಾಗವನ್ನೇ ತಿದ್ದಬಾರದು. ಅಲ್ಲಿಂದ ಹಿಂದಕ್ಕೆ ಹೋಗಿ, ಬಾಗುವುದು ಶುರುವಾದ ಜಾಗವನ್ನು ಹುಡುಕಬೇಕು. ಇವತ್ತು ಎರಡು ಸರಿಮಾಡಿದೆ. ಒಂದಕ್ಕೆ ಹದಿನೇಳು ನಿಮಿಷ ಸಾಕಾಯಿತು.

ಮೇ ೨೭, ಮಂಗಳವಾರ

ಬರೆಯಲೋ ಬೇಡವೋ ಎಂದು ಸಂಜೆಯಿಂದ ಕೂತಿದ್ದೇನೆ.

ಬೆಳಿಗ್ಗೆ ಇವರು ಒಂದು ಗಡಿಯಾರ ಬಿಚ್ಚಿ, ಅರ್ಧಕ್ಕೆ ನಿಂತು, ಚಿಮಟ ಕೆಳಗಿಟ್ಟರು. ಮುಂದೆ ಏನೆಂದು ಹೊಳೆಯಲಿಲ್ಲ ಎಂದು ಕಾಣುತ್ತದೆ. ನನ್ನ ಕಡೆ ತಿರುಗಿದರು. ಹೆಂಡತಿಯ ಕಡೆ ತಿರುಗಿದ ತಿರುವಲ್ಲ ಅದು. ಅಂಗಡಿಯಲ್ಲಿ ಕೆಲಸಕ್ಕಿರುವವರ ಕಡೆ ತಿರುಗಿದ್ದು.

“ನೋಡಿ, ನಿಮ್ಮ ಹತ್ರ ಒಂದು ಮಾತು. ನನ್ನ ಕೈ ಕೆಟ್ಟಿದೆ.”

ಇವರು ಬಿಚ್ಚಿಟ್ಟ ಚಕ್ರಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸತೊಡಗಿದೆ.

“ತುಂಬ ದಿನದಿಂದ ಗೊತ್ತು. ಯಾರೋ ಒಬ್ಬ ಬಂದು ನನ್ನ ತಪ್ಪನ್ನ ತಿದ್ದಿ ಹೋಗ್ತಾನೆ. ಅವನೂ ಹೊಸಬ, ಅವನೂ ತಪ್ಪು ಮಾಡ್ತಾನೆ. ಆದ್ರೂ ತಿದ್ದಿ ಹೋಗ್ತಾನೆ. ನಾನು ಬೈಯೋದು ಸುಮ್ಮನೆ. ಬೈದ್ರೆ ನಾನಿನ್ನೂ ಇಲ್ಲೇ ಇದ್ದೀನಿ ಅಂತ ಗೊತ್ತಾಗ್ಲಿ ಅಂತ.”

“ಗೊತ್ತಾಗತ್ತೆ” ಎಂದೆ.

“ಮನೇಲಿ ಹೇಳ್ಬೇಡಿ. ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಅಳ್ತಾಳೆ. ನಾನು ನೋಡಿಲ್ಲ ಅಂತ ಅಂದ್ಕೊಂಡಿದಾಳೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನಗೆ ಹೇಳುವುದಿಲ್ಲ ಎಂದು ನಾನೇ ಕೊಟ್ಟ ಮಾತು.

ಮೇ ೨೮, ಬುಧವಾರ

ಗೋಡೆ ಗಡಿಯಾರ ಒಂದು. ಕೈಗಡಿಯಾರ ಮೂರು.

ಜೂನ್ ೧೭, ಮಂಗಳವಾರ

ನಾದಿನಿ ಬಂದಳು. ಈಗ ಇವರು ಕೆಲಸ ಶುರುಮಾಡುತ್ತಾರೆ, ಮುಗಿಸುವುದಿಲ್ಲ. ಬಿಚ್ಚಿಟ್ಟದ್ದನ್ನೆಲ್ಲ ಮಧ್ಯಾಹ್ನ ನಾನು ಜೋಡಿಸುತ್ತೇನೆ. ನಾಲ್ಕನೆಯ ದಿನದ ಪರೀಕ್ಷೆ ಮಾತ್ರ ತಪ್ಪಿಲ್ಲ. ಅವಳೆದುರೇ ಎಣ್ಣೆರಾಯನಿಗೆ ಒಂದು ಬೈಗುಳ ಬಿತ್ತು. (ಕೀ ಕೊಡುವ ಗುಂಡಿಯ ಸ್ಕ್ರೂ ಕಾಲು ಸುತ್ತು ಸಡಿಲ. ಬೈಗುಳ ನ್ಯಾಯವೇ.)

ನಾದಿನಿ ನನ್ನ ಕೈ ನೋಡಿ, “ಏನತ್ತಿಗೆ, ಉಗುರೆಲ್ಲ ಗಿಡ್ಡ ಮಾಡ್ಕೊಂಡಿದೀರಿ? ಥೇಟ್ ನಮ್ಮ ಆಪರೇಷನ್ ಡಾಕ್ಟ್ರ ಹಾಗೆ” ಎಂದಳು. ಗಡಿಯಾರ ಹಿಡಿಯುವವರು ಉಗುರು ಬಿಡುವುದುಂಟೇ? ಇದೆಂಥ ಪ್ರಶ್ನೆ.

ಆಸ್ಪತ್ರೆಯ ಎದುರಿನ ಆ ಅಂಗಡಿಯವನು ಅವಳ ಗಡಿಯಾರಕ್ಕೆ ಮಾಡಿದ್ದ ಅನ್ಯಾಯವನ್ನು ಇವತ್ತು ಸರಿಮಾಡಿದೆ. ಸ್ಕ್ರೂವಿನ ತಲೆ ನಿಜಕ್ಕೂ ಹೋಗಿತ್ತು. ಎಂಥ ಕೈ!

ಜುಲೈ ೩, ಗುರುವಾರ

ಇವತ್ತು ಬೈಗುಳ ಬರಲಿಲ್ಲ.

ಹೆಂಗಸರ ಹಳೆಯ ಕೈಗಡಿಯಾರ. ಇಷ್ಟು ಚಿಕ್ಕ ಯಂತ್ರಕ್ಕೆ ನಾನು ಕೈಹಾಕಿದ್ದು ಇದೇ ಮೊದಲು. ಇವರು ಬೆನ್ನು ತೆಗೆದರು. ಕಣ್ಣುಗಾಜು ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ನಾನು ಆಗಲೇ ಮೂರು ತಪ್ಪುಗಳನ್ನು ಊಹಿಸಿಟ್ಟುಕೊಂಡಿದ್ದೆ.

“ಚೆನ್ನಾಗಿದೆ” ಎಂದರು. “ಇದು ನನ್ನ ಕೆಲಸ.”

“ಎಣ್ಣೆರಾಯ ಬಂದಿಲ್ವಾ?”

“ಇಲ್ಲ. ನನ್ನ ಕೈ ಇದು.”

ನನ್ನ ಕೈಯನ್ನು ಇವರು ತಮ್ಮ ಕೈ ಎಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾವು ಇಷ್ಟು ಹತ್ತಿರ ಬಂದದ್ದಿಲ್ಲ ಎಂದುಕೊಂಡೆ. ಸಂತೋಷವೇ ಇದು ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸಂತೋಷವೇ. ಆದರೂ ಸಂಜೆ ಬೀಗ ಹಾಕುವಾಗ ಯಾರನ್ನೋ ಅಂಗಡಿಯೊಳಗೇ ಬಿಟ್ಟು ಬಂದ ಹಾಗಾಗಿ, ಮತ್ತೆ ತೆರೆದು ನೋಡಿ ಬೀಗ ಹಾಕಿದೆ.

ಜುಲೈ ೭, ಸೋಮವಾರ

ಚೆನ್ನಾಗಿದೆ. ಚೆನ್ನಾಗಿದೆ. ಚೆನ್ನಾಗಿದೆ. ಮೂರು ಗಡಿಯಾರ, ಮೂರಕ್ಕೂ ಅದೇ ಮಾತು. ಎರಡನೆಯದರಲ್ಲಿ ಒಂದು ತಪ್ಪಿತ್ತೆಂದು ನನಗೇ ಅನುಮಾನವಿತ್ತು. ಬಟ್ಟಲಲ್ಲಿ ಎಣ್ಣೆ ಅರ್ಧಕ್ಕಿಂತ ತುಸು ಮೇಲೆ. ಇವರು ಬಿಡುವವರಲ್ಲ.

ಜುಲೈ ೮, ಮಂಗಳವಾರ

ನನ್ನ ಸ್ವಂತ ಕೈಗಡಿಯಾರವನ್ನೇ ಬಿಚ್ಚಿದೆ. ಕವೆಯ ಅಚ್ಚಿಗೆ ಎಣ್ಣೆ ಬಿಟ್ಟೆ. ಬಿಡುವಾಗ ಕೈ ಒಪ್ಪಲಿಲ್ಲ. ಎರಡು ಸಲ ಸೂಜಿ ಹಿಂದೆ ಬಂತು. ಬಟ್ಟಲುಗಳನ್ನೆಲ್ಲ ತುಳುಕಿಸಿದೆ. ಒಂದು ಸ್ಕ್ರೂ ತೆಗೆದು ಪಕ್ಕಕ್ಕಿಟ್ಟೆ. ಕುರುಡನ ಕೈಗೂ ಸಿಗುವಂಥ ತಪ್ಪುಗಳು. ಬೈಯಲಿ. ಒಂದು ಸಲ ಬೈದುಬಿಡಲಿ.

ಇವರ ಮುಂದಿಟ್ಟೆ. ಇವರು ನೋಡಿದರು. ಎಣ್ಣೆ ಬೆಳಕಿನಲ್ಲಿ ಮಿರಮಿರ ಮಿಂಚುತ್ತಿತ್ತು.

“ಚೆನ್ನಾಗಿದೆ” ಎಂದರು. ಚಹಾ ಕೊಟ್ಟಾಗ ಅನ್ನುವ ದನಿಯಲ್ಲೇ.

ಹಾಗಾದರೆ ಹೋದ ಗುರುವಾರದ್ದು? ಅದು ನಿಜವಾಗಿ ಚೆನ್ನಾಗಿತ್ತೋ, ಇಲ್ಲವೋ? ಇನ್ನು ಯಾರನ್ನು ಕೇಳಲಿ?

ಜುಲೈ ೯, ಬುಧವಾರ

ನಾದಿನಿಗೆ ಹೇಳಲಿಲ್ಲ.

ಜುಲೈ ೧೪, ಸೋಮವಾರ

ಇವತ್ತೂ ಹೇಳಲಿಲ್ಲ. ಅವಳೇ ಫೋನ್ ಮಾಡಿದ್ದಳು. “ಅಣ್ಣ ಬೈತಿದ್ದಾನಾ?” ಎಂದಳು. “ಹೂಂ, ಬೈತಿದ್ದಾರೆ” ಎಂದೆ.

ಜುಲೈ ೨೧, ಸೋಮವಾರ

ಕನ್ನಡಕದವನ ಗಡಿಯಾರ ಮೇಜಿನ ಮೇಲಿತ್ತು. ನಾನು ಗಿರಾಕಿಯೊಬ್ಬರಿಗೆ ಪಟ್ಟಿ ತೋರಿಸುತ್ತಿದ್ದೆ. ತಿರುಗಿ ನೋಡಿದರೆ ಇವರು ಹೇರ್‌ಸ್ಪ್ರಿಂಗನ್ನು ಹೊರತೆಗೆದು, ಎರಡು ಬೆರಳಲ್ಲಿ ಹಿಡಿದು, ಆ ಸುರುಳಿಯನ್ನು ಮೆಲ್ಲಗೆ ಎಳೆದು ನೆಟ್ಟಗೆ ಮಾಡಿದ್ದರು. ಮುಖದ ತುಂಬ ಸಂತೋಷ. “ಇಲ್ನೋಡಿ, ಎಷ್ಟು ಉದ್ದ ಇದೆ! ಇಷ್ಟು ಚಿಕ್ಕದರೊಳಗೆ!”

ಎಳೆದ ಸುರುಳಿ ಮತ್ತೆ ಸುರುಳಿಯಾಗುವುದಿಲ್ಲ. ಇವರೂ ಹೇಳಿದ್ದರು, ನಾನೂ ಬಲ್ಲೆ.

ಕನ್ನಡಕದವನು ನೋಡಿ, “ಬಿಡಿ ಅತ್ತಿಗೆ, ನನ್ನದು ತಾನೆ” ಎಂದು ಬೀದಿಗೆ ಮುಖ ತಿರುಗಿಸಿದ. ನಾನು ನಾದಿನಿಗೆ ಫೋನ್ ಮಾಡಿ, “ಬಾ” ಎಂದೆ. ಅವಳು ಬಂದಳು, ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತಳು. ಹಾಗೆಂದೇ ಮಾತಾಗಿತ್ತು.

ಏನು ಹೇಳಿ ಎಬ್ಬಿಸುವುದೆಂದು ತಿಂಗಳುಗಟ್ಟಲೆ ಯೋಚಿಸಿದ್ದೆ. ಎಷ್ಟೋ ವಾಕ್ಯಗಳನ್ನು ಮನಸ್ಸಿನಲ್ಲಿ ಬರೆದು ಹೊಡೆದುಹಾಕಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

“ಸ್ವಲ್ಪ ಏಳ್ತೀರಾ? ನನಗೆ ಬೆಳಕು ಬೇಕಿತ್ತು.”

“ಓಹೋ, ಅದಕ್ಕೇನಂತೆ? ಬನ್ನಿ ಬನ್ನಿ.” ಇವರು ತಕ್ಷಣ ಎದ್ದರು. ಸ್ಟೂಲನ್ನು ಅಂಗೈಯಿಂದ ಒರೆಸಿದರು. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವವರ ಹಾಗೆ ಪಕ್ಕಕ್ಕೆ ನಿಂತು, “ಕೂತ್ಕೊಳ್ಳಿ” ಎಂದರು.

ಮೂವತ್ತೈದು ವರ್ಷ ಕೂತ ಜಾಗ. ಅಷ್ಟು ಸುಲಭಕ್ಕೆ.

ಕೂತೆ.

ಆಗಸ್ಟ್ ೮, ಶುಕ್ರವಾರ

ಇವರು ಈಗ ಕೌಂಟರಿನ ಆ ಕಡೆ, ಗಿರಾಕಿಗಳ ಕುರ್ಚಿಯಲ್ಲಿ ಕೂರುತ್ತಾರೆ. ಬಂದವರಿಗೆಲ್ಲ ನಮಸ್ಕಾರ ಹೇಳುತ್ತಾರೆ. ಕೆಲವರು ತಿರುಗಿ ಹೇಳಿ, ನನ್ನ ಕಡೆ ನೋಡಿ, ತಲೆ ತಗ್ಗಿಸುತ್ತಾರೆ. ಕೆಲಸ ಬಹಳ ಇದೆ. ಮೂರು ದಿನದ ಗೂಟ ಹಾಗೇ ಇದೆ. ನಾಲ್ಕನೆಯ ದಿನ ನಾನೇ ಬೆನ್ನು ತೆಗೆದು, ಯಾರೋ ಬೇರೆಯವರು ಮಾಡಿದ್ದೆಂಬಂತೆ ನೋಡುತ್ತೇನೆ. ತಪ್ಪು ಸಿಗುತ್ತದೆ. ಸಿಗದ ದಿನ ಇನ್ನೊಮ್ಮೆ ನೋಡುತ್ತೇನೆ.

ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ನಾನು ಕಲ್ಲಿಗೆ ಎಣ್ಣೆ ತೋರಿಸುತ್ತಿದ್ದೆ. ಇವರು ಬಹಳ ಹೊತ್ತಿನಿಂದ ನನ್ನ ಕೈ ನೋಡುತ್ತಿದ್ದರು.

“ನೀವು ಹೊಸಬರಾ?”

“ಹೌದು” ಎಂದೆ.

“ಇಲ್ಲಿ ಮುಂಚೆ ಒಬ್ಬ ಇದ್ದ. ಎಣ್ಣೆ ಜಾಸ್ತಿ ಹಾಕ್ತಿದ್ದ.”

ಸೂಜಿ ಕೆಳಗಿಟ್ಟೆ. “ಹೌದಾ? ಹೇಗಿದ್ದ?”

“ಮುಖ ನೋಡಿಲ್ಲ. ಕೆಲಸ ನೋಡಿದೀನಿ ಅಷ್ಟೆ. ಕೆಟ್ಟವನಲ್ಲ. ಕಲೀತಿದ್ದ.” ಇವರು ಯೋಚಿಸಿದರು. ಹಣೆಯ ಮೇಲೆ ನನಗೆ ಪರಿಚಯದ ಗೆರೆಗಳು ಮೂಡಿದವು. “ನಾನು ತುಂಬ ಬೈತಿದ್ದೆ ಅವನಿಗೆ. ಬೈದಿದ್ದಕ್ಕೇ ಬಿಟ್ಟು ಹೋದ ಅನ್ಸತ್ತೆ.”

“ಇಲ್ಲ” ಎಂದೆ. “ಬೈತಿದ್ರಿ ಅಂತಲೇ ಇದ್ದ.”

ಇವರಿಗೆ ಅದು ಕೇಳಿಸಿತೋ ಇಲ್ಲವೋ. ಬೀದಿಯಲ್ಲಿ ಯಾರೋ ಸೈಕಲ್ಲಿನ ಸರಪಳಿ ಹಾಕಿಕೊಳ್ಳುತ್ತಿದ್ದರು, ಅದನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಪರಿಚಯವಿಲ್ಲದವರ ಹತ್ತಿರ ಉಪಕಾರ ಕೇಳುವವರ ಸಂಕೋಚದಿಂದ ಹೇಳಿದರು:

“ನಿಮಗೆಲ್ಲಾದ್ರೂ ಸಿಕ್ರೆ, ಬರೋಕೆ ಹೇಳಿ.”

“ಹೇಳ್ತೀನಿ” ಎಂದೆ.